ಹಂದರ ಮೊದಲು, ಬಳ್ಳಿ ಆಮೇಲೆ

ಪಡುವಣ ಬಿಸಿಲಿಗೆ ಕಾಯುವ ಗೋಡೆಗೆ ಬೇಗ ಹಬ್ಬುವ ಬಳ್ಳಿ ಯಾವುದೆಂದು ಕೇಳುವವರಿಗೆ, ಮೈಸೂರಿನ ಮನೆಯಂಗಳದಲ್ಲಿ ವರ್ಷಗಟ್ಟಲೆ ಬಳ್ಳಿ ಹಬ್ಬಿಸಿದ ನಾನು ಹೇಳುವುದಿಷ್ಟು.

1. ಹೂವಿನ ಬಣ್ಣಕ್ಕೆ ಮನಸೋಲುವ ಮೊದಲು ಬಳ್ಳಿ ಹೇಗೆ ಹತ್ತುತ್ತದೆಂದು ನೋಡಿ. ಶಂಖಪುಷ್ಪದ ಕಾಂಡವೇ ಸುತ್ತಿಕೊಂಡು ಏರುತ್ತದೆ, ಹುರಿ ಸಾಕು. ಪ್ಯಾಶನ್ ಫ್ರೂಟ್ ಸುರುಳಿ ಎಳೆಗಳನ್ನು ಚಾಚಿ ಹಿಡಿಯುತ್ತದೆ. ಅದಕ್ಕೆ ತಂತಿ ಜಾಲರಿ ಬೇಕು, ದಪ್ಪ ಕಂಬ ಅದರ ಹಿಡಿತಕ್ಕೆ ಸಿಗದು. ಕಾಗದದ ಹೂವು ಮುಳ್ಳೂರಿ ಒರಗುತ್ತದೆಯೇ ಹೊರತು ಏನನ್ನೂ ಸುತ್ತುವುದಿಲ್ಲ, ನಾವೇ ಕಟ್ಟಬೇಕು. ಬೇರಿನಿಂದ ಗೋಡೆಗೇ ಅಂಟುವ ಫೈಕಸ್ ಪುಮಿಲಾವನ್ನು ಬಣ್ಣ ಬಳಿದ ಗೋಡೆಗೆ ನಾನು ಹಬ್ಬಿಸುವುದಿಲ್ಲ. ಕಿತ್ತಾಗ ಬಣ್ಣವೂ ಕಿತ್ತು ಬರುತ್ತದೆ.

2. ಈ ಮಳೆಗಾಲದಲ್ಲೇ ಹಸಿರು ಬೇಕೆಂದರೆ ಶಂಖಪುಷ್ಪ. ಬೀಜವನ್ನು ರಾತ್ರಿಯಿಡೀ ನೆನೆಸಿ ಊರಿ.

3. ರಂಗೂನ್ ಬಳ್ಳಿ ನನಗೆ ಅಚ್ಚುಮೆಚ್ಚು. ಮುಸ್ಸಂಜೆಗೆ ಬಿಳಿಯಾಗಿ ಅರಳಿದ ಹೂವು ಮರುದಿನ ಗುಲಾಬಿಗೆ ತಿರುಗಿ, ಆಮೇಲೆ ಕೆಂಪಾಗುತ್ತದೆ. ಒಂದೇ ಗೊಂಚಲಲ್ಲಿ ಮೂರೂ ಬಣ್ಣ! ಕತ್ತಲಾಗುತ್ತಲೇ ದೊಡ್ಡ ಪತಂಗಗಳು ಗಾಳಿಯಲ್ಲೇ ನಿಂತು ಹೂವಿನ ಉದ್ದ ಕೊಳವೆಗೆ ಹೀರುನಳಿಗೆ ಇಳಿಬಿಡುತ್ತವೆ. ಆ ಪರಿಮಳಕ್ಕಾಗಿ ಅದನ್ನು ಜಗಲಿಯ ಪಕ್ಕವೇ ನೆಡಿ. ಆದರೆ ಬಿದಿರಿನ ಹಂದರ ಕಟ್ಟಬೇಡಿ. ನಾನು ಕಟ್ಟಿದ್ದು ಮೂರನೆಯ ಮಳೆಗಾಲದಲ್ಲಿ, ನೆನೆದ ಎಲೆಯ ಭಾರಕ್ಕೆ ಒಂದೇ ರಾತ್ರಿಯಲ್ಲಿ ಮಲಗಿತು. ಈಗ ಕಬ್ಬಿಣದ ಪೈಪು ನಿಲ್ಲಿಸಿದ್ದೇನೆ. ಎಲೆ ಉದುರಿದರೂ ತೊಟ್ಟಿನ ಬುಡ ಗಟ್ಟಿಯಾಗಿ ಮುಳ್ಳಿನಂತೆ ಉಳಿಯುತ್ತದೆ, ಸವರುವಾಗ ಕೈಗವಸು ಹಾಕಿಕೊಳ್ಳಿ. ಹೂವು ಹೊಸ ಚಿಗುರಿನಲ್ಲಿ ಬರುವುದರಿಂದ ಸವರಲು ಹಿಂಜರಿಯಬೇಕಿಲ್ಲ.

4. ಕಾಗದದ ಹೂವಿಗೆ ದಿನಾ ನೀರು ಹನಿಸಿದರೆ ಎಲೆಯೇ ಎಲೆ. ಬೇರು ಬಿಟ್ಟ ಮೇಲೆ ಮಣ್ಣು ಒಣಗಲು ಬಿಡಿ.

5. ಕಾಡಿನಂಚಿನಲ್ಲಿ ಮನೆಯಿದ್ದರೆ ದೊಡ್ಡ ನೀಲಿ ಹೂವಿನ ಥನ್ಬರ್ಜಿಯಾ ಗ್ರ್ಯಾಂಡಿಫ್ಲೋರಾ ಬೇಡವೇ ಬೇಡ. ನೆಲದೊಳಗೆ ಗಡ್ಡೆ ಕಟ್ಟುವುದರಿಂದ ಕಡಿದರೂ ಚಿಗುರುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಅದು ಮರಗಳನ್ನೇ ಮುಚ್ಚುವ ಕಳೆಯಾಗಿದೆ.

6. ಅದೇ ಕುಲದ, ನಮ್ಮ ದಕ್ಷಿಣ ಭಾರತದ್ದೇ ಆದ ಬಳ್ಳಿಯೊಂದಿದೆ. ಹೆಸರಲ್ಲೇ ಮೈಸೂರು ಹೊತ್ತ ಥನ್ಬರ್ಜಿಯಾ ಮೈಸೂರೆನ್ಸಿಸ್. ಹಳದಿ-ಕೆಂಗಂದು ಹೂವಿನ ಜಡೆಗಳು ಕೆಳಗೆ ಜೋತುಬೀಳುವುದರಿಂದ ಗೋಡೆಗೆ ಹಬ್ಬಿಸಿದರೆ ಚೆಲುವು ಕಾಣದು. ತಲೆಗಿಂತ ಎತ್ತರದ ಚಪ್ಪರ ಹಾಕಿ, ಕೆಳಗೊಂದು ಕುರ್ಚಿಯಿಡಿ. ಬೆಳಿಗ್ಗೆ ಸೂರಕ್ಕಿಗಳು ಆ ಜಡೆಗೇ ಜೋತು ಮಕರಂದ ಹೀರುವುದು ಕೈಗೆಟುಕುವಷ್ಟು ಹತ್ತಿರದಲ್ಲಿ ಕಾಣುತ್ತದೆ.