ಮನೆವಾರ್ತೆಯಲ್ಲಿ ಧೈರ್ಯ

ಪಾಠಭಾಗ: ಎರಡನೆಯ ಅರಸುಗಳು, 4ನೆಯ ಅಧ್ಯಾಯ, 1ರಿಂದ 7ನೆಯ ವಚನಗಳು



ಧೈರ್ಯವೆಂದೊಡನೆ ದಾನಿಯೇಲನ ಸಿಂಹಗಳ ಗವಿಯೂ ದಾವೀದನ ಕವಣೆಯೂ ನಮ್ಮ ನೆನಪಿಗೆ ಬರುವುವು. ಆದರೆ ಈ ಶಾಲೆಯಿಂದ ಹೊರಟು ಸಂಸಾರವನ್ನು ನಡಿಸುತ್ತಿರುವ ನಮ್ಮ ಸಹೋದರಿಯರಿಗೆ ಎದುರಾಗುವುದು ತಿಂಗಳ ಕೊನೆಯ ವಾರ, ಜ್ವರದಲ್ಲಿ ಮಲಗಿರುವ ಮಗು, ಕೆಲಸವನ್ನು ಕಳೆದುಕೊಂಡ ಯಜಮಾನರು, ಬಾಗಿಲಿಗೆ ಬಂದು ನಿಲ್ಲುವ ಸಾಲ. ಇಂಥ ದಿನಗಳಿಗೆ ತಕ್ಕ ಧೈರ್ಯವು ಯಾವುದೆಂಬುದನ್ನು ಸತ್ಯವೇದವು ಹೆಸರನ್ನು ಕೂಡ ತಿಳಿಸದಿರುವ ಒಬ್ಬ ವಿಧವೆಯಿಂದ ಕಲಿಯೋಣ.

ಕ್ರಿಸ್ತಪೂರ್ವ ಒಂಬತ್ತನೆಯ ಶತಮಾನದಲ್ಲಿ ಎಲೀಷನು ಇಸ್ರಾಯೇಲ್ ರಾಜ್ಯದಲ್ಲಿ ಪ್ರವಾದಿಯಾಗಿದ್ದನು. ಪ್ರವಾದಿಮಂಡಲಿಗೆ ಸೇರಿದ್ದ ಒಬ್ಬ ದೈವಭಕ್ತನು ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಸಾಲವನ್ನೂ ಬಿಟ್ಟು ಮೃತನಾದನು. ಸಾಲ ತೀರಿಸಲಾಗದವರು ಜೀತಕ್ಕೆ ಸೇರುವ ಪದ್ಧತಿ ಆಗ ಇತ್ತು. ಅಂಥವರನ್ನು ಗುಲಾಮರಂತೆ ನಡಿಸಕೂಡದೆಂದು ಯಾಜಕಕಾಂಡದ 25ನೆಯ ಅಧ್ಯಾಯವು ವಿಧಿಸಿದ್ದರೂ ಸಾಲ ಕೊಟ್ಟವನು ಆ ಇಬ್ಬರು ಮಕ್ಕಳನ್ನು ಒಯ್ಯಲು ಬಂದನು. ಈ ಸಂಕಟದಲ್ಲಿ ಆ ತಾಯಿಯು ನಡೆದುಕೊಂಡ ರೀತಿಯಲ್ಲಿ ನಾಲ್ಕು ಸಂಗತಿಗಳನ್ನು ಗಮನಿಸತಕ್ಕದ್ದು.

ಮೊದಲನೆಯದಾಗಿ, ಅವಳು ಬಾಯಿ ತೆರೆದಳು. ದೈವಭಕ್ತನ ಮನೆಯಲ್ಲಿ ಸಾಲವಿದೆಯೆಂದು ಜನರು ಏನನ್ನುವರೋ ಎಂದು ಮುಚ್ಚಿಡದೆ ಎಲೀಷನ ಬಳಿಗೆ ಹೋಗಿ ಗೋಳಿಟ್ಟಳು. ಭಯವೇ ಇಲ್ಲದಿರುವುದು ವಿಶ್ವಾಸದ ಗುರುತೆಂದು ನಾವು ತಪ್ಪಾಗಿ ಭಾವಿಸುತ್ತೇವೆ. ಇವಳಿಗೆ ಭಯವಿತ್ತು, ಆ ಭಯವನ್ನು ಎಲ್ಲಿಗೆ ಒಯ್ಯಬೇಕೆಂಬುದೂ ತಿಳಿದಿತ್ತು.

ಎರಡನೆಯದಾಗಿ, ಮನೆಯಲ್ಲಿ ಏನು ಉಳಿದಿದೆಯೆಂದು ಎಲೀಷನು ವಿಚಾರಿಸಿದಾಗ ಇದ್ದುದನ್ನು ಇದ್ದಂತೆ ಹೇಳಿದಳು. ಒಂದು ಪಾತ್ರೆ ಎಣ್ಣೆಯ ಹೊರತು ಬೇರೇನೂ ಇರಲಿಲ್ಲ. ಅವಳು ಅಲ್ಪವೆಂದು ಎಣಿಸಿದ ಆ ವಸ್ತುವಿನಿಂದಲೇ ದೇವರ ಸಹಾಯವು ಆರಂಭವಾಯಿತು.

ಮೂರನೆಯದಾಗಿ, ನೆರೆಯವರಿಂದ ಬರಿಯ ಪಾತ್ರೆಗಳನ್ನು ಕೇಳಿ ತಂದಳು. ಆಮೇಲೆ ಬಾಗಿಲು ಮುಚ್ಚಿಕೊಂಡು ಮಕ್ಕಳೊಡನೆ ಕೆಲಸ ಮಾಡಿದಳು. ಕೇಳಬೇಕಾದುದನ್ನು ನಾಚಿಕೆಯಿಲ್ಲದೆ ಕೇಳುವುದೂ, ಮನೆಯೊಳಗಿನದನ್ನು ಬೀದಿಯ ಮಾತಾಗದಂತೆ ಕಾಯುವುದೂ ಎರಡೂ ವಿವೇಕವೇ. ಮಕ್ಕಳು ಪಾತ್ರೆಗಳನ್ನು ತಂದುಕೊಡುತ್ತಿದ್ದರು, ತಾಯಿ ಎಣ್ಣೆ ಹೊಯ್ಯುತ್ತಿದ್ದಳು. ಕಷ್ಟವನ್ನು ಕಂಡ ಮಕ್ಕಳು ಅದರ ಬಿಡುಗಡೆಯನ್ನೂ ಕಂಡರು.

ನಾಲ್ಕನೆಯದಾಗಿ, ಎಣ್ಣೆಯನ್ನು ಮಾರಿ ಮೊದಲು ಸಾಲ ತೀರಿಸಿ, ಉಳಿದುದರಿಂದ ಜೀವನ ಮಾಡಬೇಕೆಂಬುದೇ ಪ್ರವಾದಿಯ ಅಪ್ಪಣೆಯಾಗಿತ್ತು. ದೇವರ ಅದ್ಭುತವು ಲೆಕ್ಕವನ್ನು ಅಳಿಸಿಹಾಕಲಿಲ್ಲ. ಲೆಕ್ಕವನ್ನು ತೀರಿಸುವ ಶಕ್ತಿಯನ್ನು ಕೊಟ್ಟಿತು.

ಇದೇ ಧೈರ್ಯವನ್ನು ಸುಸನ್ನಾ ವೆಸ್ಲಿಯವರಲ್ಲಿ (1669–1742) ಕಾಣುತ್ತೇವೆ. ಯಾರ ಅನುಯಾಯಿಗಳು 19ನೆಯ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದು ಹೆಣ್ಣುಮಕ್ಕಳ ಶಾಲೆಗಳನ್ನು ತೆರೆದರೋ ಆ ಜಾನ್ ವೆಸ್ಲಿಯವರ ತಾಯಿ ಇವರು. 1705ರಲ್ಲಿ ಜಾನನು ಎರಡು ವರ್ಷದ ಕೂಸಾಗಿದ್ದಾಗ, ಎಪ್‌ವರ್ತ್ ಎಂಬ ಊರಿನ ಪಾದ್ರಿಯಾಗಿದ್ದ ಆಕೆಯ ಪತಿಯು ಸಾಲಕ್ಕಾಗಿ ಲಿಂಕನ್ ಕೋಟೆಯ ಸೆರೆಮನೆಗೆ ಹೋಗಬೇಕಾಯಿತು. ಆಕೆ ತನ್ನ ಉಂಗುರಗಳನ್ನು ಬಿಚ್ಚಿ ಪತಿಗೆ ಕಳುಹಿಸಿದರು. ಅವರು ಅವನ್ನು ಹಿಂದಿರುಗಿಸಿದರು. ಎಂದಾದರೂ ರೊಟ್ಟಿಗೆ ಕೊರತೆಯಾಯಿತೇ ಎಂದು ಯಾರ್ಕಿನ ಆರ್ಚ್‌ಬಿಷಪ್ಪರು ಕೇಳಿದಾಗ ಆಕೆ ಮುಚ್ಚುಮರೆ ಮಾಡಲಿಲ್ಲ. ಕೊರತೆಯಾಗಲಿಲ್ಲವಾದರೂ, ತಿನ್ನುವ ಮೊದಲು ಅದನ್ನು ಸಂಪಾದಿಸುವ ಚಿಂತೆಯೂ ತಿಂದ ಮೇಲೆ ಹಣ ಕೊಡುವ ಚಿಂತೆಯೂ ಸೇರಿ ಅದರ ರುಚಿಯನ್ನೇ ಕೆಡಿಸಿದವೆಂದು ತಿಳಿಸಿದರು. ಆರ್ಚ್‌ಬಿಷಪ್ಪರು ಧನಸಹಾಯ ಮಾಡಿದರು.

ದೂರದೇಶದ ಮಾತು ಹಾಗಿರಲಿ, ನನ್ನ ಮನೆಯ ಮಾತನ್ನೇ ಹೇಳುವೆನು. ನಾನು ಆರನೆಯ ತರಗತಿಯಲ್ಲಿದ್ದಾಗ ನಮ್ಮ ತಂದೆಯವರು ಎಂಟು ತಿಂಗಳು ಹಾಸಿಗೆ ಹಿಡಿದರು. ದಿನಸಿ ಅಂಗಡಿಯ ಬಾಕಿ ಬೆಳೆಯಿತು. ಅಂಗಡಿಯವರು ಬಂದಾಗಲೆಲ್ಲ “ಅಮ್ಮ ಮನೆಯಲ್ಲಿಲ್ಲ” ಎಂದು ಹೇಳುವ ಕೆಲಸ ನನ್ನದಾಗಿತ್ತು. ತಾಯಿಯವರು ಒಳಗಿನ ಕೋಣೆಯಲ್ಲಿ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದರು. ಒಂದು ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಈ ಅಧ್ಯಾಯವನ್ನು ಓದುವ ಸರದಿ ನನಗೆ ಬಂತು. ಓದಿ ಮುಗಿಸಿದ ಮೇಲೆ ತಾಯಿಯವರು ಬಹಳ ಹೊತ್ತು ಪ್ರಾರ್ಥನೆಯನ್ನು ಆರಂಭಿಸಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಕೈಹಿಡಿದು ಅಂಗಡಿಗೆ ನಡೆದರು. ಆ ಕೈ ನಡುಗುತ್ತಿತ್ತು. “ಈ ಹುಡುಗಿಯ ಬಾಯಿಂದ ಸುಳ್ಳು ಹೇಳಿಸಿದೆ, ತಪ್ಪಾಯಿತು. ಹೊಲಿಗೆಯಿಂದ ಬರುವುದರಲ್ಲಿ ವಾರವಾರವೂ ಸ್ವಲ್ಪ ಸ್ವಲ್ಪ ಕೊಡುತ್ತೇನೆ” ಎಂದರು. ಅಂಗಡಿಯವರು ಮೊದಲು ಕಠಿನವಾಗಿಯೇ ಮಾತಾಡಿದರು, ಆಮೇಲೆ ಒಪ್ಪಿದರು. ಬಾಕಿ ತೀರಲು ಎರಡು ವರ್ಷ ಹಿಡಿಯಿತು. ನಮ್ಮ ಮನೆಯಲ್ಲಿ ಎಣ್ಣೆ ಉಕ್ಕಲಿಲ್ಲ. ಆದರೆ ಆ ದಿನದಿಂದ ಬಾಗಿಲು ತೆರೆಯಲು ನಾನು ಹೆದರಲಿಲ್ಲ.

ಪ್ರಿಯ ಸಹೋದರಿಯರೇ, ನೀವು ಶಾಲೆಗೆ ಬಂದಾಗ ನಾವು ಯೋಗಕ್ಷೇಮ ಕೇಳುತ್ತೇವೆ. ನೀವು “ಎಲ್ಲಾ ಚೆನ್ನಾಗಿದೆ” ಅನ್ನುತ್ತೀರಿ. ಕೆಲವು ಸಲ ನಿಮ್ಮ ಮುಖವು ಬೇರೆ ಮಾತು ಹೇಳುತ್ತದೆ. ಸಹನೆಯೆಂದರೆ ಎಲ್ಲವನ್ನೂ ಮುಚ್ಚಿಡುವುದೆಂದು ತಿಳಿಯಬೇಡಿರಿ. ಮನೆಯಲ್ಲಿ ಕುಡಿತವಿದ್ದರೆ, ಹೊಡೆತವಿದ್ದರೆ, ಸಾಲವಿದ್ದರೆ ಅದನ್ನು ಮೊದಲು ದೇವರಿಗೆ, ಬಳಿಕ ನಂಬತಕ್ಕ ಒಬ್ಬರಿಗೆ ಹೇಳುವುದು ಕುಟುಂಬದ ಮಾನವನ್ನು ಕಳೆಯುವುದಲ್ಲ. ಕೇಳುವವರಾದ ನಾವೂ ಎಲೀಷನಿಂದ ಕಲಿಯಬೇಕು. ಅವನು ಆ ವಿಧವೆಯನ್ನು ಗದರಿಸಲಿಲ್ಲ, ಸತ್ತವನ ತಪ್ಪನ್ನು ಎಣಿಸಲಿಲ್ಲ. ಏನು ಮಾಡಲಿ ಎಂದು ವಿಚಾರಿಸಿದನು.

ಮನನಕ್ಕೆ:
1. ನನ್ನ ಮನೆಯಲ್ಲಿ ಅಲ್ಪವೆಂದು ನಾನು ಎಣಿಸದೆ ಬಿಟ್ಟಿರುವ ಎಣ್ಣೆಯ ಪಾತ್ರೆ ಯಾವುದು?
2. ನನ್ನ ಭಯದ ಭಾರವನ್ನು ಮಕ್ಕಳ ಬಾಯಿಗೆ ಹೊರಿಸಿರುವೆನೇ?
3. ನನ್ನ ನೆರೆಯವಳು ಪಾತ್ರೆ ಕೇಳಲು ಬಂದರೆ, ಪ್ರಶ್ನೆಗಳಿಂದ ನೋಯಿಸದೆ ಕೊಡುವೆನೇ?

ವಿಧವೆಯ ಮೊರೆಯನ್ನು ಕೇಳಿದ ದೇವರು ನಿಮ್ಮ ಮನೆಗಳನ್ನು ಕಾಪಾಡಲಿ. ಈ ಶಾಲೆಯ ಬಾಗಿಲು ನಿಮಗೆ ಯಾವಾಗಲೂ ತೆರೆದಿದೆ.