ಬೈಸಿಕಲ್ಲನ್ನು ಮೈಗೆ ಹೊಂದಿಸಿಕೊಳ್ಳುವ ಬಗೆ

ದರ್ಜಿಯು ಅಂಗಿಯನ್ನು ಹೊಲಿಯುವ ಮೊದಲು ಮೈಯ ಅಳತೆಯನ್ನು ತೆಗೆದುಕೊಳ್ಳುತ್ತಾನೆ. ಹೊಲಿದ ತರುವಾಯ ತೊಡಿಸಿ ನೋಡಿ, ಬಿಗಿಯಾದಲ್ಲಿ ಸಡಿಲಿಸುತ್ತಾನೆ. ಅಂಗಿಗೆ ತೋರಿಸುವ ಈ ಎಚ್ಚರಿಕೆಯನ್ನು ನಾವು ಬೈಸಿಕಲ್ಲಿಗೆ ತೋರಿಸುವುದಿಲ್ಲ. ಅಂಗಡಿಯಿಂದ ಬಂದಂತೆಯೋ ಅಣ್ಣನು ಬಿಟ್ಟುಕೊಟ್ಟಂತೆಯೋ ಅದನ್ನು ಹುಡುಗಿಯ ಕೈಗೆ ಒಪ್ಪಿಸಿಬಿಡುತ್ತೇವೆ. ಕೆಲವು ವಾರಗಳಲ್ಲಿ ಅವಳ ಮೊಣಕಾಲು ನೋಯುತ್ತದೆ, ಅಂಗೈ ಮರಗಟ್ಟುತ್ತದೆ. ಹೆಣ್ಣುಮಕ್ಕಳಿಗೆ ಬೈಸಿಕಲ್ಲು ಒಗ್ಗದೆಂದು ಹಿರಿಯರು ತೀರ್ಮಾನಿಸಿ, ಅದನ್ನು ಗೋಡೆಗೆ ಒರಗಿಸಿಡುತ್ತಾರೆ. ಇಲ್ಲಿ ತಪ್ಪು ಹುಡುಗಿಯದಲ್ಲ, ಬೈಸಿಕಲ್ಲಿನದೂ ಅಲ್ಲ. ಒಂದನ್ನೊಂದಕ್ಕೆ ಹೊಂದಿಸದೆ ಬಿಟ್ಟುದೇ ತಪ್ಪು.

ಇದು ಅಲ್ಪ ವಿಷಯವಲ್ಲ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯು, ಸರಪಳಿಯಿಂದ ಹಿಂದಿನ ಚಕ್ರವು ತಿರುಗುವ ರೋವರ್ ಬೈಸಿಕಲ್ಲನ್ನು ನಿರ್ಮಿಸಿದನು; 1888ರಲ್ಲಿ ಡನ್‌ಲಪ್ ಎಂಬವನು ಗಾಳಿ ತುಂಬಿದ ಟಯರಿಗೆ ಪೇಟೆಂಟನ್ನು ಪಡೆದನು. ಇವೆರಡರಿಂದ ಸವಾರಿಯು ಸ್ತ್ರೀಯರಿಗೂ ಸುಲಭವಾಯಿತು. ಅಮೆರಿಕದ ಫ್ರಾನ್ಸಿಸ್ ವಿಲ್ಲರ್ಡ್ ಎಂಬ ಮಹಿಳೆಯು 53ನೆಯ ವಯಸ್ಸಿನಲ್ಲಿ ಸವಾರಿಯನ್ನು ಕಲಿತು, ಆ ಅನುಭವವನ್ನು 1895ರಲ್ಲಿ ಪುಸ್ತಕವಾಗಿ ಪ್ರಕಟಿಸಿದಳು. ನಮ್ಮ ಕರ್ನಾಟಕದಲ್ಲಿ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲನ್ನು ಹಂಚುವ ಸರಕಾರಿ ಯೋಜನೆಯು ಆರಂಭವಾಯಿತು. ಬೈಸಿಕಲ್ಲುಳ್ಳ ಹುಡುಗಿಗೆ ದೂರದ ಶಾಲೆಯು ಹತ್ತಿರವಾಗುತ್ತದೆ. ಆದರೆ ನೋವಿನ ನಿಮಿತ್ತ ಅದನ್ನು ಬಿಟ್ಟವಳಿಗೆ ಶಾಲೆಯು ಮತ್ತೆ ದೂರವೇ ಸರಿ.

ಮೊದಲು ಸೀಟಿನ ಎತ್ತರವನ್ನು ಗೊತ್ತುಮಾಡಬೇಕು. ಒಬ್ಬರು ಬೈಸಿಕಲ್ಲನ್ನು ಭದ್ರವಾಗಿ ಹಿಡಿದಿರಲಿ. ಸವಾರಳು ಸೀಟಿನ ಮೇಲೆ ಕುಳಿತು, ಪೆಡಲು ತೀರ ಕೆಳಗೆ ಬಂದಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ತುಳಿಯುವಾಗ ಅಂಗಾಲಿನ ಮುಂಭಾಗವನ್ನು ಪೆಡಲಿನ ಮೇಲಿಡುವುದರಿಂದ ಮೊಣಕಾಲು ತುಸು ಬಾಗಿರುವುದು. ಅದೇ ಯೋಗ್ಯವಾದ ಎತ್ತರ. ಸೀಟಿನ ಕಂಬಿಯ ಮೇಲೆ ಗೆರೆಯಿದ್ದರೆ ಅದು ಹೊರಗೆ ಕಾಣುವಷ್ಟು ಎತ್ತರಿಸಬಾರದು. ಹೊಸದಾಗಿ ಕಲಿಯುವವಳಿಗೆ ಪಾದಗಳು ನೆಲಕ್ಕೆ ತಾಗುವಂತೆ ಸೀಟು ತಗ್ಗಿರುವುದು ಯುಕ್ತವೇ. ಕಲಿತ ಮೇಲೂ ಹಾಗೆಯೇ ಬಿಡುವುದರಿಂದ ಮೊಣಕಾಲಿಗೆ ಕೇಡು.

ಇಷ್ಟಾದರೂ ಕೆಲಸವು ಮುಗಿಯಲಿಲ್ಲ. ನಿಂತ ಬೈಸಿಕಲ್ಲು ಎಲ್ಲವನ್ನೂ ಹೇಳಲಾರದು. ಆದಕಾರಣ ಪರೀಕ್ಷಾ ಸವಾರಿಯು ಅವಶ್ಯ. ಸಮತಟ್ಟಾದ ದಾರಿ, ಸಣ್ಣ ಏರು, ಸ್ವಲ್ಪ ಒರಟು ನೆಲ, ಈ ಮೂರೂ ಇರುವ ಇಪ್ಪತ್ತು ನಿಮಿಷದ ಒಂದು ಮಾರ್ಗವನ್ನು ಆರಿಸಿಕೊಳ್ಳಿರಿ. ಪ್ರತಿ ಸಾರಿಯೂ ಅದೇ ಮಾರ್ಗವಾಗಿರಲಿ. ನಿತ್ಯದ ಉಡುಪಿನಲ್ಲಿಯೇ, ಪುಸ್ತಕದ ಚೀಲದೊಂದಿಗೆ ಹೊರಡಬೇಕು. ಹೊರಡುವ ಮೊದಲು ಬ್ರೇಕು, ಟಯರಿನ ಗಾಳಿ, ನಟ್ಟುಗಳ ಬಿಗಿ ಇವನ್ನು ನೋಡಿರಿ.

ಹಿಂದಿರುಗಿದ ಕೂಡಲೇ ಮೈಯು ಹೇಳುವುದನ್ನು ಬರೆದಿಡಿರಿ. ಮೊಣಕಾಲಿನ ಮುಂಭಾಗವು ನೊಂದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ. ಹಿಂಭಾಗವು ನೊಂದರೆ, ಅಥವಾ ತುಳಿಯುವಾಗ ಸೊಂಟವು ಅತ್ತಿತ್ತ ಓಲಾಡಿದರೆ, ಎತ್ತರ ಹೆಚ್ಚಾಗಿದೆ. ಅಂಗೈ ಮರಗಟ್ಟಿದರೆ ಸೀಟಿನ ಮೂತಿಯು ಕೆಳಕ್ಕೆ ಬಾಗಿರಬಹುದು, ಇಲ್ಲವೆ ಹ್ಯಾಂಡಲು ದೂರವಾಗಿರಬಹುದು. ಒರಟು ನೆಲದಲ್ಲಿ ಮೈಯೆಲ್ಲ ಅದುರಿದರೆ, ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ಮಿತಿಯೊಳಗೆ ಗಾಳಿಯನ್ನು ಸ್ವಲ್ಪ ಇಳಿಸಿ ನೋಡಬಹುದು. ಕುಳಿತಲ್ಲಿ ಎಲುಬು ಒತ್ತಿದರೆ ಅಗಲವಾದ ಸೀಟು ಬೇಕಾಗಬಹುದು. ಕುಳಿತಾಗ ಭಾರವನ್ನು ಹೊರುವ ಎಲುಬುಗಳ ಅಂತರವು ಸಾಮಾನ್ಯವಾಗಿ ಸ್ತ್ರೀಯರಲ್ಲಿ ಹೆಚ್ಚು.

ಇಲ್ಲಿ ಒಂದು ನಿಯಮವನ್ನು ಮರೆಯಬಾರದು. ಒಂದು ಸವಾರಿಗೆ ಒಂದೇ ಬದಲಾವಣೆ, ಅದೂ ಕಾಲು ಅಂಗುಲಕ್ಕೆ ಮೀರದಂತೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು. ಹಳೆಯ ಸ್ಥಾನಕ್ಕೆ ಸೀಸದಕಡ್ಡಿಯಿಂದ ಗುರುತು ಹಾಕಿದ್ದರೆ ಹಿಂದಕ್ಕೆ ತರುವುದು ಸುಲಭ. ಹ್ಯಾಂಡಲಿನ ಎತ್ತರವನ್ನು ಮಾತ್ರ ತಿಳಿದವರ ಕೈಯಿಂದಲೇ ಬದಲಿಸಿರಿ. ಹಳೆಯ ಮಾದರಿಯಲ್ಲಿ ಬ್ರೇಕಿನ ಕಂಬಿಗಳು ಅದಕ್ಕೆ ಜೋಡಿಸಿರುವುದರಿಂದ ಬ್ರೇಕು ಕೆಡುವ ಸಂಭವವುಂಟು.

ತಾಯಂದಿರೇ, ಬೆಳೆಯುವ ಹುಡುಗಿಯ ಕಾಲು ವರುಷದಿಂದ ವರುಷಕ್ಕೆ ನೀಳವಾಗುತ್ತದೆ. ಆದುದರಿಂದ ಶಾಲೆ ತೆರೆಯುವ ಪ್ರತಿ ಜೂನ್ ತಿಂಗಳಲ್ಲಿಯೂ ಈ ಪರೀಕ್ಷೆಯನ್ನು ಹೊಸದಾಗಿ ಮಾಡಬೇಕು. ಮಗಳು ನೋಯುತ್ತದೆಂದರೆ, ಸಹಿಸಿಕೊಳ್ಳೆಂದು ಹೇಳುವುದಕ್ಕೆ ಮೊದಲು ಸ್ಪ್ಯಾನರನ್ನು ಹುಡುಕಿರಿ.