ಹಿಡಿದದ್ದನ್ನು ಮುಗಿಸು

ಪುಟ್ಟಾ, ಮೊನ್ನೆ ನಾರ್ಫೋಕ್‌ನಿಂದ ಫೋನ್ ಮಾಡಿದವನು ಐದು ನಿಮಿಷದಲ್ಲಿ ಹತ್ತು ಸಲ "ಬೇಗ" ಅಂದೆ. ಬೇಗ ಡಿಗ್ರಿ, ಬೇಗ ಆಫೀಸರ್ ಕಮಿಷನ್, ಬೇಗ ಭುಜದ ಮೇಲೆ ಚಿನ್ನದ ಪಟ್ಟಿ. ಹಡಗು ಹತ್ತಿ ಇನ್ನೂ ಎರಡು ವರ್ಷವಾಗಿಲ್ಲ, ಆಗಲೇ ಕ್ಯಾಪ್ಟನ್ ಕುರ್ಚಿಯ ಮೇಲೆ ಕಣ್ಣು! ಆಸೆಗೆ ನನ್ನ ತಕರಾರಿಲ್ಲ, ಖುಷಿಯೇ. ಆದರೆ ಅಮೆರಿಕದ ನೌಕಾಪಡೆಯಲ್ಲಿ ಇಪ್ಪತ್ತು ವರ್ಷ ದುಡಿದು ಚೀಫ್ ಆಗಿ ನಿವೃತ್ತನಾದವನು ನಾನು. ನಿನ್ನಂಥ ಚುರುಕು ಹುಡುಗರು ಎಲ್ಲಿ ಎಡವುತ್ತಾರೆಂದು ಕಂಡಿದ್ದೇನೆ. ಅವರಿಗೆ ಓದು ಹತ್ತುವುದಿಲ್ಲ ಅಂತಲ್ಲ, ಹಿಡಿದದ್ದನ್ನು ಮುಗಿಸುವುದಿಲ್ಲ.

ಮೊದಲು ದುಡ್ಡಿನ ಮಾತು. ಸೇವೆಯಲ್ಲಿರುವಾಗ ಟ್ಯೂಷನ್ ಅಸಿಸ್ಟೆನ್ಸ್ ಬಳಸಿಕೋ. ಒಂದು ಕ್ರೆಡಿಟ್‌ಗೆ 250 ಡಾಲರ್‌ವರೆಗೆ ಶುಲ್ಕವನ್ನು ನೌಕಾಪಡೆಯೇ ಕಟ್ಟುತ್ತದೆ. ಕ್ಲಾಸು ಶುರುವಾಗುವ ಮುಂಚೆ ಮಂಜೂರಾತಿ ಕೈಯಲ್ಲಿರಬೇಕು. ಗ್ರೇಡು 'ಸಿ'ಗಿಂತ ಕೆಳಗೆ ಬಿತ್ತೋ, ಆ ದುಡ್ಡು ನೀನು ವಾಪಸ್ ಕಟ್ಟಬೇಕು. ಜಿಐ ಬಿಲ್‌ನ 36 ತಿಂಗಳ ಓದಿನ ನೆರವನ್ನು ಈಗಲೇ ಮುಟ್ಟಬೇಡ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು. ಆರು ವರ್ಷ ಸೇವೆಯಾದ ಮೇಲೆ ಇನ್ನೂ ನಾಲ್ಕು ವರ್ಷಕ್ಕೆ ಒಪ್ಪಿಕೊಂಡರೆ, ಅದನ್ನು ನಾಳೆ ಬರುವ ಹೆಂಡತಿ ಮಕ್ಕಳ ಓದಿಗೂ ಕೊಡಬಹುದು.

ನಿನ್ನ ತರಬೇತಿಗೂ ಬೆಲೆಯಿದೆ. ಅದಕ್ಕೆ ಸಿಗಬಹುದಾದ ಕಾಲೇಜು ಕ್ರೆಡಿಟ್‌ಗಳು ಜಾಯಿಂಟ್ ಸರ್ವಿಸಸ್ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ನಮೂದಾಗಿರುತ್ತವೆ. ಎಷ್ಟನ್ನು ಒಪ್ಪಬೇಕೆಂಬುದು ಮಾತ್ರ ಕಾಲೇಜಿನ ಇಷ್ಟ. ನಾನು ಕೇಳದೆ ಒಂದು ಕಡೆ ಸೇರಿ, ಅರ್ಧಕ್ಕೇ ಬಿಟ್ಟು ಇನ್ನೊಂದು ಕಡೆ ಹೋದೆ. ಹಳೆಯ ಮೂರು ಕೋರ್ಸಿನಲ್ಲಿ ಎರಡನ್ನು ಅವರು ಒಪ್ಪಲೇ ಇಲ್ಲ. ಒಂದು ವರ್ಷ ನಿದ್ದೆಗೆಟ್ಟದ್ದು ನೀರಿನಲ್ಲಿ ಹೋಮ. ನೀನು ಮೊದಲೇ ಕೇಳಿ, ಉತ್ತರ ಬರಹದಲ್ಲಿ ತೆಗೆದುಕೋ.

ಇನ್ನು ಆಫೀಸರ್ ಆಗುವ ದಾರಿ. ಪದವಿ ಮುಗಿಸಿದವರಿಗೆ ನ್ಯೂಪೋರ್ಟ್‌ನ ಆಫೀಸರ್ ಕ್ಯಾಂಡಿಡೇಟ್ ಸ್ಕೂಲ್ ಇದೆ. ಮುಗಿಸದವರಿಗೆ ಎಸ್‌ಟಿಎ-21: ಪೂರ್ತಿ ಸಂಬಳ ಕೊಟ್ಟು, ಓದಿನ ಖರ್ಚಿಗೆ ವರ್ಷಕ್ಕೆ 10,000 ಡಾಲರ್‌ವರೆಗೆ ಕೊಟ್ಟು, 36 ತಿಂಗಳವರೆಗೆ ವಿಶ್ವವಿದ್ಯಾಲಯಕ್ಕೆ ಕಳಿಸುತ್ತಾರೆ. ಕಮಿಷನ್ ಸಿಕ್ಕ ಮೇಲೆ ಕನಿಷ್ಠ ಐದು ವರ್ಷ ಸೇವೆ. ಕೆಲಸದಲ್ಲಿ ಪಳಗಿದ ಹಿರಿಯರಿಗೆ ಡಿಗ್ರಿಯಿಲ್ಲದೆಯೂ ಲಿಮಿಟೆಡ್ ಡ್ಯೂಟಿ ಆಫೀಸರ್ ಆಗುವ ದಾರಿಯಿದೆ, ಆದರೆ ಅದಕ್ಕೆ ನಿನ್ನ ಸೇವೆ ಸಾಲದು. ಇನ್ನೊಂದು ಮಾತು. ನೀನಿನ್ನೂ ಗ್ರೀನ್ ಕಾರ್ಡಿನಲ್ಲಿದ್ದೀಯ. ನಾವಿಕನಾಗಲು ಅಷ್ಟು ಸಾಕಾಯಿತು, ಆಫೀಸರ್ ಆಗಲು ಪೌರತ್ವ ಬೇಕೇ ಬೇಕು. ಆ ಅರ್ಜಿ ಮೊದಲು ಹಾಕು.

"ಬೂರ್ಡಾ ಡಿಗ್ರಿ ಇಲ್ಲದೇ ಆಫೀಸರ್ ಆದರಲ್ಲಾ ಅಜ್ಜ" ಅಂದೆ. ಹೌದು. ಜೆರೆಮಿ ಬೂರ್ಡಾ 1956ರಲ್ಲಿ ನಾವಿಕರಾಗಿ ಸೇರಿ, 1962ರಲ್ಲಿ ಆಫೀಸರ್ ಆಗಿ, 1994ರಲ್ಲಿ ಇಡೀ ನೌಕಾಪಡೆಯ ಮುಖ್ಯಸ್ಥರಾದರು. ಆದರೆ ಪಟ್ಟಿ ಬಂದ ಮೇಲೂ ಅವರು ಓದು ಬಿಡಲಿಲ್ಲ. 1971ರಲ್ಲಿ ಪದವಿ ಪಡೆದರು. ಕಥೆಯ ಅರ್ಧ ಹಿಡಿದುಕೊಂಡು ಓಡಬೇಡ.

ನಮ್ಮ ಹಡಗಿನಲ್ಲಿ ಒಬ್ಬ ಹುಡುಗನಿದ್ದ. ರಾತ್ರಿ 12ರಿಂದ 4ರ ಪಾಳಿ ಮುಗಿಸಿ ಊಟದ ಮೇಜಿಗೆ ಬರುತ್ತಿದ್ದ. ಹಡಗು ಹೊಯ್ದಾಡಿದರೆ ಜಾರದಿರಲಿ ಎಂದು ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಕಾಫಿ ಕಪ್ ಇಡುತ್ತಿದ್ದ. ಎರಡೇ ಎರಡು ಕ್ಯಾಲ್ಕುಲಸ್ ಲೆಕ್ಕ ಮಾಡಿ ಮಲಗುತ್ತಿದ್ದ. ಎದ್ದು ಹೋಗುವ ಮುಂಚೆ ಮೇಜು ಒರೆಸುತ್ತಿದ್ದ. ಆಫೀಸರ್ ಆಗಲು ಅವನ ಅರ್ಜಿ ಬಂದಾಗ ಮೇಲಿನವರು ನಮ್ಮನ್ನು ಕೇಳಿದರು. ನನಗೆ ಮೊದಲು ನೆನಪಾದದ್ದು ಆ ಒರೆಸಿದ ಮೇಜು. ಕಮಾಂಡಿಂಗ್ ಆಫೀಸರ್ ಶಿಫಾರಸು ಇಲ್ಲದೆ ಅರ್ಜಿ ಮುಂದೆ ಹೋಗದು. ಆ ಶಿಫಾರಸನ್ನು ನೀನು ದಿನಾ ಬರೆಯುತ್ತಿದ್ದೀಯ, ಅವರು ಕೊನೆಗೆ ಸಹಿ ಹಾಕುತ್ತಾರೆ ಅಷ್ಟೇ.

ಮುಂದಿನ ಸಲ ಫೋನ್ ಮಾಡಿದಾಗ ಪಟ್ಟಿಯ ಸುದ್ದಿ ಬೇಡ ಪುಟ್ಟಾ. ಈ ಸೆಮಿಸ್ಟರಿನ ಗಣಿತದ ಗ್ರೇಡ್ ಎಷ್ಟು ಬಂತು, ಅದು ಹೇಳು.